ನೆರೆಮನೆಯ ಎಮ್ಮೆ ನಮ್ಮ ಹೊಲಕ್ಕೆ ಬಂದಾಗ

ಮನೆ ಎಂದ ಮೇಲೆ ಸಣ್ಣಪುಟ್ಟ ಅವಾಂತರಗಳು ಇದ್ದದ್ದೇ. ಕಾಸಿಟ್ಟ ಹಾಲಿಗೆ ಬೆಕ್ಕು ಬಾಯಿ ಹಾಕುತ್ತದೆ. ಮಾಳಿಗೆಯ ಮೇಲೆ ಒಣಗಲು ಹಾಕಿದ ಹಪ್ಪಳವನ್ನು ಮಂಗಗಳು ಹೊತ್ತೊಯ್ಯುತ್ತವೆ. ಗೂಡಿನಲ್ಲಿಟ್ಟ ಮದುವೆಯ ಕರೆಯೋಲೆಯನ್ನು ಆಡು ಮೆಂದುಬಿಡುತ್ತದೆ. ಮದುವೆ ಯಾವ ಊರಿನಲ್ಲಿ, ಯಾವ ದಿನ ಎಂಬುದು ಅದರ ಹೊಟ್ಟೆಗೇ ಗೊತ್ತು. ಪಕ್ಕದ ಮನೆಯ ಕೋಳಿ ನಮ್ಮ ಕಟ್ಟಿಗೆಯ ಒಟ್ಟಿಲಿನೊಳಗೆ ಮೊಟ್ಟೆ ಇಡುತ್ತದೆ, ಆ ಮೊಟ್ಟೆ ಯಾರದು ಎಂಬ ವ್ಯಾಜ್ಯ ಎರಡು ದಿನ ನಡೆಯುತ್ತದೆ. ಇಷ್ಟು ಚಿಕ್ಕ ಸಂಗತಿಗಳಿಗೆ ಧರ್ಮಕ್ಕೂ ವಿಶ್ವಾಸಕ್ಕೂ ಏನು ಸಂಬಂಧ ಎಂದು ಕೆಲವರಿಗೆ ಅನ್ನಿಸೀತು. ಬೈಬಲ್ಲಿಗೆ ಹಾಗೆ ಅನ್ನಿಸಿಲ್ಲ.

ಧರ್ಮೋಪದೇಶಕಾಂಡದ 22ನೆಯ ಅಧ್ಯಾಯವನ್ನು ತೆರೆದು ನೋಡಿ. ದಾರಿ ತಪ್ಪಿ ಅಲೆಯುವ ಸಹೋದರನ ಎತ್ತು ಕುರಿಗಳನ್ನು ಕಂಡೂ ಕಾಣದವರಂತೆ ಹೋಗಬಾರದು ಎಂಬುದರಿಂದ ಅದು ಆರಂಭವಾಗುತ್ತದೆ. ದಾರಿಯಲ್ಲಿ ಬಿದ್ದ ಕತ್ತೆಯನ್ನು ಎಬ್ಬಿಸಲು ಕೈಕೊಡಬೇಕು. ನಡೆಯುವಾಗ ಹಕ್ಕಿಯ ಗೂಡು ಕಣ್ಣಿಗೆ ಬಿದ್ದರೆ ತಾಯಿಹಕ್ಕಿಯನ್ನು ಮರಿಗಳೊಂದಿಗೆ ಹಿಡಿಯಬಾರದು. ಹೊಸ ಮನೆ ಕಟ್ಟಿದವನು, ಯಾರಾದರೂ ಬಿದ್ದು ಸತ್ತಾರೆಂದು, ಮಾಳಿಗೆಗೆ ಕುಂಬಿ ಕಟ್ಟಿಸಬೇಕು. ಗುರುಮಠದ ಪಾಠಗಳಲ್ಲಿ ಈ ಅಧ್ಯಾಯಕ್ಕೆ ಸಿಗುವ ಹೊತ್ತು ಬಹಳ ಕಡಿಮೆ. ಆದರೆ ಇದನ್ನು ಬೀದರ ಸೀಮೆಯ ಯಾವುದೇ ರೈತನ ಮನೆಯಲ್ಲಿ ಓದಿದರೆ, ವಿವರಣೆಯೇ ಬೇಡ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುವ ಮಂದಿಗೆ ಕುಂಬಿ ಏಕೆ ಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಔರಾದ, ಭಾಲ್ಕಿ, ಠಾಣಾ ಕುಶನೂರ ಕಡೆಯ ಊರುಗಳನ್ನು ಕಂಡವರಿಗೆ ಅಲ್ಲಿನ ಸಂಜೆ ಗೊತ್ತು. ದನಕರುಗಳು ಧೂಳೆಬ್ಬಿಸುತ್ತ ಓಣಿಯೊಳಗೆ ಬರುತ್ತವೆ. ಗಡಿಯಾಚೆಯ ದೇವಣಿಯ ಹೆಸರು ಹೊತ್ತ ತಳಿಯ ಎತ್ತು ಆಕಳುಗಳು ಇಲ್ಲಿಯವೇ ಎನ್ನುವಷ್ಟು ಬಳಕೆಯವು: ಪೂರ್ತಿ ಬಿಳಿಯ ಬಾಳಂಕ್ಯಾ, ಬಿಳಿ ಮೈಗೆ ಕರಿ ಮುಖದ ವಾನ್ನೇರಾ, ಮೈಮೇಲೆ ಕರಿ ಮಚ್ಚೆಗಳಿರುವ ಶೇವರಾ. ಕನ್ನಡ, ಮರಾಠಿ, ಉರ್ದು ಮೂರೂ ಕೂಡಿ ಆಡುವ ಈ ನೆಲದಲ್ಲಿ ದನಕ್ಕೆ ಬೈಯುವ ಮಾತಿಗೆ ಮಾತ್ರ ಭಾಷೆಯ ಭೇದವಿಲ್ಲ. ಸುತ್ತಲೂ ತೊಗರಿ, ಹೆಸರು, ಉದ್ದು, ಸೋಯಾ, ಜೋಳ. ಹೊಲಕ್ಕೂ ಹೊಲಕ್ಕೂ ನಡುವೆ ಒಂದು ಬದು. ಆ ಬದು ಮನುಷ್ಯರಿಗೆ ತಿಳಿಯುತ್ತದೆ, ಎಮ್ಮೆಗೆ ತಿಳಿಯುವುದಿಲ್ಲ. ಜಗಳ ಹುಟ್ಟುವುದೇ ಅಲ್ಲಿ.

ಇಂಥ ಜಗಳಗಳಲ್ಲಿ ನಾವು ಆಡುವ ಮಾತನ್ನು ಸ್ವಲ್ಪ ಗಮನಿಸಬೇಕು. ನಮ್ಮ ಎಮ್ಮೆ ಪರರ ತೊಗರಿಯನ್ನು ಮೇಯ್ದಾಗ ನಾವು ಹೇಳುವುದು ಹೀಗೆ: "ಏನ್ ಮಾಡೋದ್ರಿ, ಮೂಕಪ್ರಾಣಿ, ಕಣ್ಣಿ ಹರ್ಕೊಂಡು ಹೋಗ್ಯದ. ಎಲ್ಲಾ ದೇವರ ಆಟ." ಪರರ ಎಮ್ಮೆ ನಮ್ಮ ತೊಗರಿಗೆ ನುಗ್ಗಿದರೆ ಮಾತು ಬೇರೆ: "ಬೇಕಂತೇ ಬಿಟ್ಟಾರ. ನಮ್ಮ ಬೆಳಿ ಮ್ಯಾಲ ಅವರ ಕಣ್ಣು ಮೊದಲಿಂದ ಅದ." ಎಮ್ಮೆ ಒಂದೇ, ತೊಗರಿ ಒಂದೇ. ನಮ್ಮ ಪಾಲಿಗೆ ಆಕಸ್ಮಿಕ, ನೆರೆಯವರ ಪಾಲಿಗೆ ದುರುದ್ದೇಶ. ಪ್ರಿಯ ಓದುಗರೇ, ಕುಟುಂಬಗಳನ್ನು ಒಡೆಯುವ ಕೆಲಸವನ್ನು ದೊಡ್ಡ ಪಾಪಗಳಿಗಿಂತ ಈ ಎರಡು ಬಗೆಯ ತಕ್ಕಡಿ ಹೆಚ್ಚು ಮಾಡುತ್ತದೆ ಎಂದು ನನಗೆ ತೋರುತ್ತದೆ. ಅಣ್ಣತಮ್ಮಂದಿರು ಒಂದೇ ದೇವಾಲಯಕ್ಕೆ ಬಂದು, ಬಲಿಪೂಜೆಯಲ್ಲಿ ಶಾಂತಿಯನ್ನು ಹಂಚಿಕೊಳ್ಳುವ ಹೊತ್ತಿಗೆ ಒಬ್ಬ ಎಡಕ್ಕೂ ಒಬ್ಬ ಬಲಕ್ಕೂ ತಿರುಗಿ ನಿಲ್ಲುವುದುಂಟು. ಕಾರಣ ಕೇಳುತ್ತ ಹಿಂದೆ ಹಿಂದೆ ಹೋದರೆ ಕೊನೆಗೆ ಒಂದು ಕರುವೋ ಒಂದು ಹುಂಜವೋ ಸಿಗುತ್ತದೆ.

ಹಾಗಾದರೆ ಆಕಸ್ಮಿಕ ಎಂಬುದು ನಿಜವಾಗಿ ಇದೆಯೆ? ಎಲ್ಲವೂ ದೇವರ ಚಿತ್ತವಾದರೆ ಕಣ್ಣಿ ಹರಿದದ್ದೂ ದೇವರ ಚಿತ್ತವೇ ಅಲ್ಲವೆ? 13ನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ದೈವಪರಿಪಾಲನೆಯ ಬಗ್ಗೆ ಬರೆಯುವಾಗ ಒಂದು ಸರಳ ದೃಷ್ಟಾಂತ ಕೊಡುತ್ತಾರೆ. ಯಜಮಾನನೊಬ್ಬ ತನ್ನ ಇಬ್ಬರು ಆಳುಗಳನ್ನು, ಒಬ್ಬನಿಗೆ ಗೊತ್ತಾಗದಂತೆ ಇನ್ನೊಬ್ಬನನ್ನು, ಒಂದೇ ಜಾಗಕ್ಕೆ ಕಳಿಸುತ್ತಾನೆ. ಅಲ್ಲಿ ಅವರು ಎದುರಾದಾಗ ಅವರಿಗೆ ಅದು ಅಚ್ಚರಿ, ಆಕಸ್ಮಿಕ. ಕಳಿಸಿದವನಿಗೆ ಅದು ಆಕಸ್ಮಿಕವಲ್ಲ. ಇದಕ್ಕೆ ಹೊಂದುವ ಕಥೆ ಬೈಬಲ್ಲಿನಲ್ಲೇ ಇದೆ, ಅದೂ ತಪ್ಪಿಸಿಕೊಂಡ ಪ್ರಾಣಿಗಳ ಕಥೆ. ಸಮುವೇಲನ ಮೊದಲನೆಯ ಗ್ರಂಥದ 9ನೆಯ ಅಧ್ಯಾಯದಲ್ಲಿ ಕೀಷ ಎಂಬವನ ಕತ್ತೆಗಳು ಕಾಣೆಯಾಗುತ್ತವೆ. ಮಗ ಸೌಲ ಒಬ್ಬ ಆಳನ್ನು ಕರೆದುಕೊಂಡು ಹುಡುಕುತ್ತ ಬೆಟ್ಟಸೀಮೆಯನ್ನೆಲ್ಲ ಸುತ್ತುತ್ತಾನೆ. ಕತ್ತೆ ಸಿಗುವುದಿಲ್ಲ. ತಂದೆಗೆ ಈಗ ಕತ್ತೆಗಳಿಗಿಂತ ನಮ್ಮದೇ ಚಿಂತೆಯಾಗಿರುತ್ತದೆ, ಹಿಂದಿರುಗೋಣ ಎನ್ನುತ್ತಾನೆ ಸೌಲ. ಈ ಊರಲ್ಲಿ ದೇವರ ಮನುಷ್ಯನೊಬ್ಬನಿದ್ದಾನೆ, ಕೇಳಿಯೇ ಹೋಗೋಣ ಎನ್ನುತ್ತಾನೆ ಆಳು. ನೀರಿಗೆ ಹೊರಟ ಹುಡುಗಿಯರು ದಾರಿ ತೋರಿಸುತ್ತಾರೆ. ಹೀಗೆ ಕತ್ತೆ ಹುಡುಕಲು ಹೊರಟವನು ಪ್ರವಾದಿ ಸಮುವೇಲನ ಮುಂದೆ ನಿಲ್ಲುತ್ತಾನೆ, ಇಸ್ರಯೇಲಿನ ಮೊದಲ ಅರಸನಾಗುತ್ತಾನೆ. ಅವನು ಬರುತ್ತಾನೆಂದು ದೇವರು ಸಮುವೇಲನಿಗೆ ಹಿಂದಿನ ದಿನವೇ ತಿಳಿಸಿದ್ದರು.

ನಮ್ಮಲ್ಲಿ ಎಮ್ಮೆ ಕಳೆದರೆ ಸಂತ ಅಂತೋಣಿಯವರಿಗೆ ಮೇಣದಬತ್ತಿ ಹಚ್ಚುವ ರೂಢಿಯಿದೆ. ಒಳ್ಳೆಯದೇ. ಹಚ್ಚಿ ಸೌಲನಂತೆ ನಡೆದು ಹುಡುಕುವುದೂ ಒಳ್ಳೆಯದು. ಆದರೆ ಈ ಕಥೆಯಲ್ಲಿ ನನ್ನನ್ನು ತಡೆದು ನಿಲ್ಲಿಸುವ ವಿವರ ಬೇರೆಯೇ ಇದೆ. ಮೂರು ದಿನದ ಹಿಂದೆ ಕಳೆದ ಕತ್ತೆಗಳು ಸಿಕ್ಕಿವೆ ಎಂದು ಸಮುವೇಲನು ಹೇಳುತ್ತಾನೆ. ಯಾರಿಗೆ ಸಿಕ್ಕವು? ಹಿಡಿದು ಕಟ್ಟಿದವರು ಯಾರು, ನೀರು ಕುಡಿಸಿದವರು ಯಾರು, ಕೀಷನ ಮನೆಗೆ ಹೊಡೆದುಕೊಂಡು ಬಂದವರು ಯಾರು? ಗ್ರಂಥ ಹೇಳುವುದಿಲ್ಲ. ಯಾರೋ ಒಬ್ಬರು ತಮ್ಮ ಹೊಲದಲ್ಲಿ ಹೆರವರ ಕತ್ತೆ ಕಂಡು ಸುಮ್ಮನಿರದೆ ಹೋಗಿರಬೇಕು. ದೇವರ ಯೋಜನೆಯಲ್ಲಿ ಅರಸನಾಗುವ ಕೆಲಸ ನಮ್ಮಲ್ಲಿ ಯಾರಿಗೂ ಬರುವಂತಿಲ್ಲ. ಕತ್ತೆ ಹಿಡಿದು ಕಟ್ಟುವ ಕೆಲಸ ವರ್ಷದಲ್ಲಿ ನಾಲ್ಕು ಸಲ ಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ದೈವಪರಿಪಾಲನೆ ಎಂದರೆ ಕಣ್ಣಿಯ ಕೆಲಸವನ್ನು ದೇವರು ಕಸಿದುಕೊಳ್ಳುತ್ತಾರೆ ಎಂದಲ್ಲ. ಸೃಷ್ಟಿಯ ಕಾರಣಗಳು ನಿಜವಾದ ಕಾರಣಗಳೇ ಎಂದು ಅದೇ ಅಕ್ವಿನಾಸರು ಒತ್ತಿ ಹೇಳುತ್ತಾರೆ. ಕಣ್ಣಿ ಹರಿದದ್ದು ಅದು ಲಡ್ಡಾಗಿತ್ತು ಎಂಬ ಕಾರಣಕ್ಕೆ. ಲಡ್ಡಾದದ್ದು ಯಜಮಾನನಿಗೆ ಗೊತ್ತಿತ್ತೋ ಇಲ್ಲವೋ ಎಂಬುದು ನೀತಿಯ ಪ್ರಶ್ನೆ. ವಿಮೋಚನಕಾಂಡದ 21ನೆಯ ಅಧ್ಯಾಯ ಇದನ್ನು ಚೊಕ್ಕವಾಗಿ ಬಿಡಿಸುತ್ತದೆ. ಒಬ್ಬನ ಎತ್ತು ಇನ್ನೊಬ್ಬನ ಎತ್ತನ್ನು ಹಾಯ್ದು ಕೊಂದರೆ, ಬದುಕಿದ ಎತ್ತನ್ನು ಮಾರಿ ಹಣವನ್ನೂ ಸತ್ತ ಎತ್ತನ್ನೂ ಇಬ್ಬರೂ ಸಮವಾಗಿ ಹಂಚಿಕೊಳ್ಳಬೇಕು: ನಷ್ಟ ಇಬ್ಬರಿಗೂ. ಆದರೆ ಅದು ಹಾಯುವ ಎತ್ತು ಎಂದು ಮೊದಲೇ ತಿಳಿದಿದ್ದೂ ಕಟ್ಟದೆ ಬಿಟ್ಟಿದ್ದರೆ, ಎತ್ತಿಗೆ ಎತ್ತನ್ನೇ ಕೊಡಬೇಕು. ಮುಂದಿನ ಅಧ್ಯಾಯದಲ್ಲಿ, ಪರರ ಹೊಲ ಮೇಯಿಸಿದವನು ತನ್ನ ಹೊಲದ ಉತ್ತಮವಾದ ಬೆಳೆಯಿಂದ ನಷ್ಟ ತುಂಬಬೇಕು ಎಂದಿದೆ. ಉತ್ತಮವಾದದ್ದರಿಂದ ಎಂಬುದು ಗಮನಿಸತಕ್ಕ ಮಾತು. ಹುಳ ಬಿದ್ದ ತೊಗರಿಯನ್ನು ಅಳೆದುಕೊಟ್ಟು ಕೈತೊಳೆದುಕೊಳ್ಳುವವರು ನಮ್ಮಲ್ಲಿದ್ದಾರೆ. ಮೊದಲ ಸಲ ಎಮ್ಮೆ ಹೋದದ್ದು ಅವಘಡ. ಮೂರನೆಯ ಸಲವೂ ಹೋದರೆ ದೇವರ ಹೆಸರು ಎತ್ತಬೇಡಿ, ಸಂತೆಗೆ ಹೋಗಿ ಹೊಸ ಹಗ್ಗ ತನ್ನಿ.

ಸರಕಾರವೂ ಈ ವಿಷಯದಲ್ಲಿ ಸುಮ್ಮನೆ ಕುಳಿತಿಲ್ಲ. ಬ್ರಿಟಿಷರು 1871ರಲ್ಲಿ ಜಾನುವಾರು ಅತಿಕ್ರಮಣದ ಕಾಯಿದೆ ತಂದರು. ಬೆಳೆ ಹಾಳುಮಾಡಿದ ದನವನ್ನು ಹಿಡಿದವನು 24 ಗಂಟೆಯೊಳಗೆ ಕೊಂಡವಾಡಕ್ಕೆ ಒಪ್ಪಿಸಬೇಕು ಎಂದು ಅದರಲ್ಲಿತ್ತು. ನಮ್ಮ ರಾಜ್ಯ 1966ರಲ್ಲಿ ತನ್ನದೇ ಕಾಯಿದೆ ಮಾಡಿಕೊಂಡಿತು. ಕೊಂಡವಾಡ ಬೇಡ ಎಂದು ನಾನು ಹೇಳುವುದಿಲ್ಲ. ದಂಡ ಕಟ್ಟಿದ ಮೇಲೆ ದನ ಮನೆಗೆ ಬರುತ್ತದೆ, ಮಾತು ಬರುವುದಿಲ್ಲ. ಅದು ಕಾಯಿದೆಯ ತಪ್ಪೂ ಅಲ್ಲ. ಅದರ ಕೆಲಸ ಅಷ್ಟೇ.

ಹೆಚ್ಚು ಕಷ್ಟದ ಪ್ರಶ್ನೆ ಯಜಮಾನನೇ ಇಲ್ಲದ ಪ್ರಾಣಿಗಳದು. ಉಳುಮೆಗೆ ಟ್ರ್ಯಾಕ್ಟರ್ ಬಂದ ಮೇಲೆ ಎತ್ತುಗಳು ಕಡಿಮೆಯಾದವು, ಗಂಡು ಕರುಗಳು ಹೊರೆಯಾದವು. ಕಟ್ಟಿ ಸಾಕಲಾರದವರು ಬಿಟ್ಟುಬಿಡುತ್ತಾರೆ. ರಾತ್ರಿ ರಸ್ತೆಯ ಮೇಲೆ ಮಲಗಿದ ಹೋರಿಗೆ ಬೈಕು ಬಡಿದು ಬೀಳುವ ಹುಡುಗನಿಗೆ ಯಾರು ಉತ್ತರ ಕೊಡಬೇಕು? ಧರ್ಮೋಪದೇಶಕಾಂಡ ಇದರ ಹತ್ತಿರ ಬರುತ್ತದೆ. ಪ್ರಾಣಿಯ ಯಜಮಾನ ದೂರದಲ್ಲಿದ್ದರೆ, ಅಥವಾ ಅವನಾರೆಂದು ತಿಳಿಯದಿದ್ದರೆ, ನಿನ್ನ ಮನೆಗೆ ತಂದು ಅವನು ಹುಡುಕಿಕೊಂಡು ಬರುವ ತನಕ ಇಟ್ಟುಕೋ ಎನ್ನುತ್ತದೆ. ಆದರೆ ಎಂದೂ ಹುಡುಕಿಕೊಂಡು ಬಾರದ ಯಜಮಾನನನ್ನು ಅದು ಊಹಿಸಿಲ್ಲ. ಒಂದು ಬಡ ಕುಟುಂಬಕ್ಕೆ ವರ್ಷಗಟ್ಟಲೆ ಹೆರವರ ಹೋರಿಗೆ ಕಣಿಕೆ ಹಾಕು ಎಂದು ಹೇಳುವ ಧೈರ್ಯ ನನಗಿಲ್ಲ. ಊರು ಕೂಡಿ ಹೊರಬೇಕಾದ ಭಾರವಿದು, ಬಿಟ್ಟವರೂ ಸೇರಿ.

ಇನ್ನು ಚಿಗರಿಗಳು. ಬೀದರ ಜಿಲ್ಲೆಯ ಬಯಲಲ್ಲಿ ಹಿಂಡುಹಿಂಡಾಗಿ ಓಡುವ ಈ ಕೃಷ್ಣಮೃಗಗಳು ನೋಡಲು ಚೆಂದ, ಆಗತಾನೇ ಮೊಳೆತ ಸೋಯಾ ಹೊಲದ ಯಜಮಾನನಿಗೆ ಮಾತ್ರ ಚೆಂದವಲ್ಲ. 1972ರ ವನ್ಯಜೀವಿ ಕಾಯಿದೆ ಅವುಗಳನ್ನು ಕಾಯುತ್ತದೆ. ಬೆಳೆನಷ್ಟಕ್ಕೆ ಪರಿಹಾರ ಕೇಳಲು ಅರಣ್ಯ ಇಲಾಖೆಯಿದೆ, ಅದು ಬರುವ ತನಕ ಕಾಯುವ ತಾಳ್ಮೆ ಬೇಕು ಅಷ್ಟೇ. ಸಿಟ್ಟಿನಲ್ಲಿ ಬೇಲಿಗೆ ಕರೆಂಟು ಕೊಡುವವರಿಗೆ ಒಂದು ಮಾತು. ನೇರ ಕರೆಂಟಿನ ತಂತಿ ಚಿಗರಿ ಯಾವುದು, ನಸುಕಿನಲ್ಲಿ ಬಹಿರ್ದೆಸೆಗೆ ಹೊರಟ ಕೂಸು ಯಾವುದು ಎಂದು ನೋಡುವುದಿಲ್ಲ. ಮಾಳಿಗೆಗೆ ಕುಂಬಿ ಕಟ್ಟಿಸು ಎಂದ ದೇವರು ಅಂಥ ಬೇಲಿಗೆ ಏನು ಹೇಳಿಯಾರು ಎಂಬುದಕ್ಕೆ ದೈವಶಾಸ್ತ್ರದ ಪದವಿ ಬೇಕಿಲ್ಲ. ಪ್ರಾಣಿಗಳನ್ನು ಸುಮ್ಮಸುಮ್ಮನೆ ನೋಯಿಸುವುದು, ಕೊಲ್ಲುವುದು ಮನುಷ್ಯನ ಘನತೆಗೇ ಕುಂದು ಎಂದು 1992ರ ಧರ್ಮೋಪದೇಶ ಗ್ರಂಥವೂ ಹೇಳಿದೆ.

ಈಗ ನೆರೆಮನೆಗೆ ಬರೋಣ. ಧರ್ಮೋಪದೇಶಕಾಂಡ ಸಹೋದರನ ಎತ್ತು ಎನ್ನುತ್ತದೆ. ವಿಮೋಚನಕಾಂಡದ 23ನೆಯ ಅಧ್ಯಾಯ ಇನ್ನೂ ಕಠಿಣ: ಶತ್ರುವಿನ ಎತ್ತು ಕತ್ತೆಗಳು ತಪ್ಪಿಸಿಕೊಂಡದ್ದು ಕಂಡರೆ ಅವನಿಗೆ ತಲುಪಿಸಲೇಬೇಕು; ನಿನ್ನನ್ನು ದ್ವೇಷಿಸುವವನ ಕತ್ತೆ ಹೊರೆಯಡಿ ಬಿದ್ದಿದ್ದರೆ ಬಿಟ್ಟುಹೋಗದೆ ಎಬ್ಬಿಸಬೇಕು. ಯೆಹೂದ್ಯ ಧರ್ಮಗುರುಗಳು ಇದರ ಮೇಲೆ ಬಹಳ ಹಿಂದೆ ಒಂದು ಪ್ರಶ್ನೆ ಎತ್ತಿದರು. ಒಂದೇ ಹೊತ್ತಿಗೆ ಇಬ್ಬರಿಗೆ ಸಹಾಯ ಬೇಕು: ಗೆಳೆಯನ ಕತ್ತೆಯ ಹೊರೆ ಇಳಿಸಬೇಕು, ಶತ್ರುವಿನ ಕತ್ತೆಗೆ ಹೊರೆ ಏರಿಸಬೇಕು. ಯಾವುದು ಮೊದಲು? ಬಿದ್ದ ಪ್ರಾಣಿಯ ನೋವು ನೋಡಿದರೆ ಇಳಿಸುವುದೇ ಮೊದಲಾಗಬೇಕು. ಆದರೂ ಶತ್ರುವಿನದೇ ಮೊದಲು ಎಂದರು ಅವರು, ನಮ್ಮೊಳಗಿನ ಕೆಟ್ಟ ಪ್ರವೃತ್ತಿಯನ್ನು ಬಗ್ಗಿಸುವುದಕ್ಕಾಗಿ.

ಈ ಆಜ್ಞೆಯಲ್ಲಿ ನನಗೆ ಮೆಚ್ಚುಗೆಯಾಗುವುದು ಅದರ ವಾಸ್ತವಬುದ್ಧಿ. ಶತ್ರುವನ್ನು ಮೊದಲು ಕ್ಷಮಿಸು, ಆಮೇಲೆ ಎತ್ತು ಹಿಡಿ ಎಂದು ಅದು ಹೇಳುವುದಿಲ್ಲ. ಮನಸ್ಸು ಇನ್ನೂ ಕಹಿಯಾಗಿರುವಾಗಲೇ ಹಗ್ಗವನ್ನು ಕೈಗೆ ಕೊಡುತ್ತದೆ. ಪ್ರಭು ಯೇಸು ಶತ್ರುಗಳನ್ನು ಪ್ರೀತಿಸಿರಿ ಎಂದಾಗ, ಕೇಳುತ್ತ ಕುಳಿತಿದ್ದ ರೈತರಿಗೆ ಈ ಎತ್ತು ನೆನಪಾಗದೆ ಇರಲಾರದು. ಸಬ್ಬತ್ ದಿನದಲ್ಲಿ ಬಾವಿಗೆ ಬಿದ್ದ ಎತ್ತನ್ನು ನೀವು ಮೇಲೆತ್ತುವುದಿಲ್ಲವೆ ಎಂದು ಅವರೇ ಕೇಳಿದ್ದನ್ನು ಲೂಕನು ಬರೆದಿಟ್ಟಿದ್ದಾನೆ.

ಬದುವಿನ ಒಂದು ಮೊಳ ನೆಲಕ್ಕಾಗಿ ಮಾತು ಬಿಟ್ಟ ಎರಡು ಮನೆಗಳನ್ನು ನೆನೆದುಕೊಳ್ಳಿ. ಮಕ್ಕಳು ಮಾತ್ರ ಕದ್ದುಮುಚ್ಚಿ ಕೂಡಿ ಆಡುತ್ತಾರೆ. ಎಳ್ಳ ಅಮಾವಾಸ್ಯೆಗೆ ಊರೆಲ್ಲ ಹೊಲದಲ್ಲಿ ಕೂತು ಭಜ್ಜಿ ಉಣ್ಣುವಾಗ ಇವರಿಬ್ಬರ ಚಾಪೆ ಬೆನ್ನಿಗೆ ಬೆನ್ನು. ಹೊತ್ತು ಮುಳುಗುವಾಗ ಆ ಮನೆಯ ಎಮ್ಮೆ ಈ ಮನೆಯವರ ತೊಗರಿಯಲ್ಲಿ ನಿಂತಿದೆ. ಕಲ್ಲು ಹೊಡೆದು ಓಡಿಸಬಹುದು. ಗಬ್ಬದ ಎಮ್ಮೆಯಾದರೆ ಏನಾದೀತೆಂದು ಎಲ್ಲರಿಗೂ ಗೊತ್ತು. ಕೊಂಡವಾಡಕ್ಕೆ ಹೊಡೆಯಬಹುದು. ಕಾಣದವರಂತೆ ಇದ್ದು, ಬೆಳಿಗ್ಗೆ ಪಂಚರನ್ನು ಕರೆತಂದು ನಷ್ಟ ತೋರಿಸಬಹುದು. ಅಥವಾ ಹಗ್ಗ ಹಿಡಿದು ಆ ಮನೆಯ ಅಂಗಳದ ತನಕ ನಡೆಯಬಹುದು. ದೂರ ಹೆಚ್ಚೇನಿಲ್ಲ, ಆದರೆ ಓಣಿಯವರೆಲ್ಲ ನೋಡುತ್ತಾರೆ, ಸೋತ ಎಂದುಕೊಳ್ಳುತ್ತಾರೆ. ಅಲ್ಲಿ ಹೋಗಿ ದೊಡ್ಡ ಮಾತು ಆಡಬೇಕಾಗಿಲ್ಲ. "ಅಕ್ಕಾ, ನಿಮ್ಮ ಎಮ್ಮಿ ಬಂದಿತ್ತು, ಕಟ್ಕೋರಿ" ಎಂದರೆ ಆಯಿತು.

ಆಗ ಪರೀಕ್ಷೆ ಆ ಮನೆಯವರದು. ಶತ್ರುವಿನ ಕೈಯಿಂದ ಹಗ್ಗ ತೆಗೆದುಕೊಂಡವನು ಏನು ಹೇಳಬೇಕು ಎಂಬುದನ್ನು ವಿಮೋಚನಕಾಂಡ ಬರೆದಿಲ್ಲ. ಎಮ್ಮೆಯನ್ನು ಗೋದಲಿಗೆ ಕಟ್ಟಿ ಬಾಗಿಲು ಹಾಕಿಕೊಂಡರೆ ಕೇಳುವವರಿಲ್ಲ. ಹೊರಗೆ ಬಂದು, ಒಂದು ಚರಿಗೆ ನೀರು ಕೊಟ್ಟು, "ತೊಗರಿ ಎಷ್ಟು ಹಾಳಾತು, ತಮ್ಮಾ?" ಎಂದು ತಾವಾಗಿಯೇ ಕೇಳಲೂಬಹುದು.