ವರ್ತಮಾನಪತ್ರವೂ ಆಪ್ತವಾಕ್ಯವೂ

ಕಣ್ಣಾರೆ ಕಂಡುದು, ಯುಕ್ತಿಯಿಂದ ಊಹಿಸಿದುದು, ಪರರಿಂದ ಕೇಳಿದುದು ಎಂದು ನಮ್ಮ ತಿಳಿವಳಿಕೆಯನ್ನು ವಿಂಗಡಿಸಿ ನೋಡಿದರೆ, ಮೊದಲ ಎರಡರ ಪಾಲು ಎಷ್ಟು ಅಲ್ಪವೆಂಬುದು ತಿಳಿದು ಆಶ್ಚರ್ಯವಾಗುತ್ತದೆ. ದೇಶದ ಆಯವ್ಯಯ, ದೂರದ ಯುದ್ಧ, ನೆರೆಯ ಜಿಲ್ಲೆಯ ಬರಗಾಲ, ಇವುಗಳಲ್ಲಿ ಯಾವುದನ್ನೂ ನಾವು ಕಂಡವರಲ್ಲ. ಯಾರೋ ಹೇಳಿದರು, ನಾವು ನಂಬಿದೆವು. ಹೀಗಿರಲು, ಯಾರ ಮಾತನ್ನು ನಂಬತಕ್ಕದ್ದೆಂಬ ಪ್ರಶ್ನೆಯು ಪಂಡಿತರ ವಿನೋದಕ್ಕಾಗಿ ಹುಟ್ಟಿದುದಲ್ಲ. ದಿನವೂ ಬೆಳಗ್ಗೆ ಕಾಫಿಯ ಲೋಟದೊಡನೆ ನಮ್ಮೆದುರಿಗೆ ಬಂದು ಕುಳಿತುಕೊಳ್ಳುವ ಪ್ರಶ್ನೆಯದು.

ನಮ್ಮ ನೈಯಾಯಿಕರು ಇದನ್ನು ಬಹುಕಾಲದ ಹಿಂದೆಯೇ ಕೈಗೆತ್ತಿಕೊಂಡರು. ಆಪ್ತನ ಮಾತು ಪ್ರಮಾಣವೆಂಬುದು ನ್ಯಾಯಸೂತ್ರದ ಮತ. ಆಪ್ತನೆಂದರೆ ಇಲ್ಲಿ ಬಂಧುವಲ್ಲ, ನಮ್ಮ ಪಕ್ಷದವನೂ ಅಲ್ಲ. ವಿಷಯವನ್ನು ತಾನು ಸಾಕ್ಷಾತ್ತಾಗಿ ಅರಿತವನೂ, ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನೂ ಆಪ್ತನೆಂದು ಭಾಷ್ಯಕಾರನಾದ ವಾತ್ಸ್ಯಾಯನನು ವಿವರಿಸಿ, ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಸೇರಿಸುತ್ತಾನೆ. ಈ ಕಡೆಯ ಮಾತನ್ನು ನಾವು ಸಾಕಷ್ಟು ಗಮನಿಸಿಲ್ಲವೆಂದು ನನಗೆ ತೋರುತ್ತದೆ. ಪತ್ರಿಕೆಯ ವಿಚಾರ ಬಂದಾಗ, ಅದು ಯಾರ ಕಡೆಯದೆಂದು ಮೊದಲು ಕೇಳುತ್ತೇವೆ. ಬರೆದವನು ಕಂಡನೇ, ಕಂಡುದನ್ನೇ ಹೇಳುತ್ತಿರುವನೇ ಎಂದು ಕೇಳುವವರು ವಿರಳ.

1943ರಲ್ಲಿ ಬಂಗಾಳವು ಹಸಿವಿನಿಂದ ಸಾಯುತ್ತಿದ್ದಾಗ ಸರ್ಕಾರವು ಕ್ಷಾಮವನ್ನು ಘೋಷಿಸಲೇ ಇಲ್ಲ. ಯುದ್ಧಕಾಲದ ನಿರ್ಬಂಧಗಳು ಪತ್ರಿಕೆಗಳ ಬಾಯನ್ನು ಬಿಗಿದಿದ್ದುವು. ಕಲ್ಕತ್ತೆಯ ‘ಸ್ಟೇಟ್ಸ್‌ಮನ್’ ಪತ್ರಿಕೆಯು ಆಗ ಆಂಗ್ಲರ ಒಡೆತನದಲ್ಲಿದ್ದುದು, ಆಂಗ್ಲರ ಆಳಿಕೆಗೆ ಹಿತವನ್ನು ಬಯಸಿದುದು; ದೇಶಾಭಿಮಾನಿಗಳು ಅದನ್ನು ಸಂಶಯದಿಂದ ಕಂಡಿದ್ದರೆ ಅದು ಸಹಜವೇ. ಆದರೆ ಅದರ ಸಂಪಾದಕನಾದ ಇಯಾನ್ ಸ್ಟೀಫನ್ಸ್ ಆಗಸ್ಟ್ 22ನೆಯ ಭಾನುವಾರ, ಕಲ್ಕತ್ತೆಯ ಬೀದಿಗಳಲ್ಲಿ ಎಲುಬಿನ ಗೂಡುಗಳಂತೆ ಬಿದ್ದಿದ್ದ ಹೆಂಗಸರ ಮತ್ತು ಮಕ್ಕಳ ಛಾಯಾಚಿತ್ರಗಳನ್ನು ಅಚ್ಚುಹಾಕಿಸಿದನು. ಆಮೇಲೆ ಲಂಡನ್ನಿನವರಿಗೆ ಅಲ್ಲಗಳೆಯುವುದು ಕಷ್ಟವಾಯಿತು. ಅಕ್ಟೋಬರಿನಲ್ಲಿ ವೈಸರಾಯ್ ಪದವಿಗೆ ಬಂದ ವೇವೆಲ್ ಪ್ರಭುವು ಕಲ್ಕತ್ತೆಗೆ ಹೋಗಿ ನೋಡಿ ಪರಿಹಾರಕಾರ್ಯಕ್ಕೆ ಸೈನ್ಯವನ್ನು ತೊಡಗಿಸಿದನು. ಅಷ್ಟರಲ್ಲಿ ಲಕ್ಷಗಟ್ಟಲೆ ಜನ ಸತ್ತಿದ್ದರು. ಒಟ್ಟು ಸತ್ತವರು 15 ಲಕ್ಷವೆಂದು ಸರ್ಕಾರದ ವಿಚಾರಣಾ ಆಯೋಗವೂ, 30 ಲಕ್ಷದವರೆಗೆಂದು ಆಮೇಲಿನ ವಿದ್ವಾಂಸರೂ ಲೆಕ್ಕಹಾಕಿದ್ದಾರೆ. ಸ್ಟೀಫನ್ಸನೂ ಹಲವು ತಿಂಗಳು ಸುಮ್ಮನಿದ್ದವನೇ, ಅದನ್ನು ಮರೆಮಾಚಬೇಕಾಗಿಲ್ಲ. ಅದೇ ವರ್ಷ ಚಿತ್ತಪ್ರಸಾದನೆಂಬ ಕಮ್ಯುನಿಸ್ಟ್ ಚಿತ್ರಕಾರನು ಮೇದಿನೀಪುರ ಜಿಲ್ಲೆಯಲ್ಲಿ ಅಲೆದು, ಕಂಡುದನ್ನು ರೇಖೆಗಳಲ್ಲಿ ಬರೆದು ಪುಸ್ತಕ ಮಾಡಿದನು. ಸರ್ಕಾರವು ಅದರ ಪ್ರತಿಗಳನ್ನು ವಶಪಡಿಸಿಕೊಂಡು ಸುಟ್ಟಿತು. ಒಬ್ಬನು ಆಳುವವರ ಕಡೆಯವನು, ಇನ್ನೊಬ್ಬನು ಅವರ ಕಡುವೈರಿ. ಇಬ್ಬರಿಗೂ ಪಕ್ಷವಿದ್ದಿತು, ಇಬ್ಬರೂ ಕಂಡುದನ್ನೇ ತೋರಿಸಿದರು.

ಆ ಕ್ಷಾಮವನ್ನು ಒಂಬತ್ತು ವರ್ಷದ ಬಾಲಕನಾಗಿ ಕಂಡ ಅಮರ್ತ್ಯ ಸೇನರು, ಸ್ವತಂತ್ರ ಪತ್ರಿಕೆಗಳುಳ್ಳ ಪ್ರಜಾಪ್ರಭುತ್ವದಲ್ಲಿ ದೊಡ್ಡ ಕ್ಷಾಮವು ಸಂಭವಿಸಿಲ್ಲವೆಂದು ಮುಂದೆ ವಾದಿಸಿದರು. ಮಾತಿಗೆ ಹಾಕಿದ ಬೀಗವು ಉಗ್ರಾಣಕ್ಕೂ ಬೀಳುತ್ತದೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಬೀಗ ತೆಗೆದೊಡನೆಯೇ ಸತ್ಯವು ಹೊರಬರುವುದೆಂಬ ಭರವಸೆ ನನಗಿಲ್ಲ. ಬಂಗಾಳಕ್ಕಿಂತ ಹತ್ತು ವರ್ಷ ಮೊದಲು, 1933ರಲ್ಲಿ, ಉಕ್ರೇನಿನಲ್ಲಿ ಅಂತಹುದೇ ಕ್ಷಾಮವು ಆಯಿತಷ್ಟೆ. ಗ್ಯಾರೆತ್ ಜೋನ್ಸ್ ಎಂಬ 27 ವರ್ಷದ ವೇಲ್ಸ್ ತರುಣನು ಮಾರ್ಚ್ ತಿಂಗಳಲ್ಲಿ ಅಲ್ಲಿನ ಹಳ್ಳಿಗಳನ್ನು ಕಾಲ್ನಡೆಯಿಂದ ಸುತ್ತಿ, ಬರ್ಲಿನ್ನಿಗೆ ಬಂದು, ಜನರು ಹಸಿವಿನಿಂದ ಸಾಯುತ್ತಿದ್ದಾರೆಂದು ಹೇಳಿದನು. ಎರಡು ದಿನಗಳಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯು ಅವನ ಮಾತನ್ನು ಅಲ್ಲಗಳೆಯಿತು. ಅಲ್ಲಗಳೆದವನು ಮಾಸ್ಕೋದಲ್ಲಿದ್ದ ಅದರ ಬಾತ್ಮೀದಾರ ವಾಲ್ಟರ್ ಡ್ಯುರಾಂಟಿ. ಹಿಂದಿನ ವರ್ಷವಷ್ಟೇ ಪುಲಿಟ್ಜರ್ ಬಹುಮಾನವನ್ನು ಪಡೆದವನು. ಪತ್ರಿಕೆಯೇನೋ ಸ್ವತಂತ್ರ ದೇಶದ್ದು. ಆದರೆ ಮಾಸ್ಕೋದಲ್ಲಿ ವಾಸಿಸುವ ಅನುಮತಿಯೂ, ದೊಡ್ಡವರ ಬಾಗಿಲಿಗೆ ಪ್ರವೇಶವೂ ಅಲ್ಲಿನ ಅಧಿಕಾರಿಗಳ ಕೈಯಲ್ಲಿದ್ದುವು. ಅದೇ ಸೆಪ್ಟೆಂಬರಿನಲ್ಲಿ ಡ್ಯುರಾಂಟಿಯು ಬ್ರಿಟಿಷ್ ರಾಯಭಾರಿಯ ಕಚೇರಿಯಲ್ಲಿ, ಒಂದು ಕೋಟಿ ಜನರವರೆಗೂ ಸತ್ತಿರಬಹುದೆಂದು ಖಾಸಗಿಯಾಗಿ ನುಡಿದನು. ವಾತ್ಸ್ಯಾಯನನ ಮೊದಲ ಲಕ್ಷಣವು ಅವನಲ್ಲಿ ಇದ್ದಿತೆನ್ನಬೇಕು, ಎರಡನೆಯದು ಇರಲಿಲ್ಲ. ಪತ್ರಿಕೆಯು ತನ್ನ ಆ ವರದಿಗಳ ದೋಷವನ್ನು ಬಹಿರಂಗವಾಗಿ ಒಪ್ಪಿಕೊಂಡುದು 1990ರಲ್ಲಿ.

ಹಾಗಾದರೆ ಮನೆಯಲ್ಲಿ ಕುಳಿತು ಓದುವವನು ಮಾಡತಕ್ಕದ್ದೇನು? ಜ್ಞಾನವು ಬಾಧಕ ತೋರುವವರೆಗೆ ತಾನಾಗಿಯೇ ಪ್ರಮಾಣವೆಂದು ಮೀಮಾಂಸಕರು ಹೇಳುತ್ತಾರೆ. ಅದರ ಪ್ರಾಮಾಣ್ಯವನ್ನು ಬೇರೆ ಆಧಾರದಿಂದ ನಿಶ್ಚಯಿಸಬೇಕೆಂದು ನೈಯಾಯಿಕರು. ರೈಲಿನ ವೇಳೆ, ಮಳೆಯ ಅಳತೆ, ಇಂತಹವುಗಳಲ್ಲಿ ನಾನು ಮೀಮಾಂಸಕ; ಎಲ್ಲವನ್ನೂ ಶಂಕಿಸುವವನು ಬದುಕಲಾರನು. ಆದರೆ ಯಾವ ಸುದ್ದಿಯು ಮತ್ತೊಬ್ಬ ಮನುಷ್ಯನ ಮೇಲೆ ನನಗೆ ಕೋಪವನ್ನು ಹುಟ್ಟಿಸುತ್ತದೆಯೋ ಅಲ್ಲಿ ನೈಯಾಯಿಕನಾಗದೆ ಗತಿಯಿಲ್ಲ. ಈಗ ಕೈಯಲ್ಲಿರುವ ಫೋನಿಗೆ ಬಂದು ಬೀಳುವ ವರ್ತಮಾನಗಳಿಗಂತೂ ಹೇಳಿದವನೇ ಇರುವುದಿಲ್ಲ. ಕಂಡೆಯಾ ಎಂದು ಯಾರನ್ನು ಕೇಳುವುದು? 2018ರ ಜುಲೈ ತಿಂಗಳಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸಾಪ್ ವದಂತಿಯನ್ನು ನಂಬಿದ ಗುಂಪು ಹೈದರಾಬಾದಿನಿಂದ ಬಂದಿದ್ದ ತರುಣನೊಬ್ಬನನ್ನು ಹೊಡೆದು ಕೊಂದಿತು.

ಅಷ್ಟು ದೊಡ್ಡ ಪಾಪವಲ್ಲದಿದ್ದರೂ ನನ್ನದೂ ಒಂದುಂಟು. ನಮ್ಮ ಮನೆಗೆ ಹಾಲು ತರುತ್ತಿದ್ದ ಹೆಂಗಸಿನ ಬೀದಿಯ ಹೆಸರು ಒಮ್ಮೆ ಪತ್ರಿಕೆಯೊಂದರಲ್ಲಿ ಬಂದಿತು. ಅಲ್ಲಿನವರು ಹಾಲಿಗೆ ಯೂರಿಯಾ ಬೆರೆಸುತ್ತಾರೆಂದು. ನಾನೇ ಅದನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿದೆನು. ಮರುದಿನದಿಂದ ಬರಬೇಡವೆಂದು ಆಕೆಗೆ ಹೇಳಿದೆವು. ಪಕ್ಕದ ಮೂರು ಮನೆಯವರೂ ಹೇಳಿದರು. ಮೂರು ವಾರಗಳ ತರುವಾಯ, ಪರೀಕ್ಷೆಯಲ್ಲಿ ಆ ಹಾಲು ಶುದ್ಧವೆಂದು ಕಂಡುಬಂದುದಾಗಿಯೂ, ಹಿಂದಿನ ಸುದ್ದಿಗೆ ವಿಷಾದಿಸುವುದಾಗಿಯೂ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲುಗಳಿದ್ದುವು. ಅವನ್ನು ಮನಸ್ಸಿನಲ್ಲಿಯೇ ಓದಿಕೊಂಡು, ಪತ್ರಿಕೆಯನ್ನು ಮಡಿಸಿಟ್ಟೆನು. ಆಕೆಯು ಈಗ ಯಾವ ಬೀದಿಗೆ ಹಾಲು ಹಾಕುತ್ತಿರುವಳೋ ತಿಳಿಯದು.