ನಡುವಿನ ಭಾರ

ವಿಶಾಖಪಟ್ಟಣದಲ್ಲಿ ನನ್ನ ಗುಮಾಸ್ತಗಿರಿ, ವಿಜಯವಾಡದ ಹಾಸ್ಟೆಲಿನಲ್ಲಿ ಮಗಳು. ನಡುವೆ ಸುಮಾರು 350 ಕಿಲೋಮೀಟರು. ಪ್ರತಿರಾತ್ರಿ ಫೋನಿನಲ್ಲಿ ಊಟ, ಓದು, ಅಂಕಗಳನ್ನು ವಿಚಾರಿಸುವುದು ನನ್ನ ವಾಡಿಕೆ. ಕಳೆದ ತಿಂಗಳು ಅವಳು, "ಅಪ್ಪಾ, ವಾರಕ್ಕೊಂದು ಸಲ ಸಾಕು" ಎಂದಳು. ಮಾರನೆಯ ಮಧ್ಯಾಹ್ನವೇ ರತ್ನಾಚಲ್ ಎಕ್ಸ್‌ಪ್ರೆಸ್ ಹತ್ತಿದೆ. ಜಗಳವಾಡಲೆಂದೇ ಹೊರಟಿದ್ದೆ, ಒಪ್ಪಿಕೊಳ್ಳುತ್ತೇನೆ.

ಎಂದೋ ಬಿ.ಎಸ್ಸಿ. ಓದಿದವನಿಗೆ ಆಕಾಶದ ಹುಚ್ಚು ಇನ್ನೂ ಬಿಟ್ಟಿಲ್ಲ. ಚೀಲದಲ್ಲಿ ಕೃಷ್ಣವಿವರಗಳನ್ನು ಕುರಿತ ಪುಸ್ತಕವಿತ್ತು. ಕೃಷ್ಣವಿವರವನ್ನು ಕದಲಿಸಿದರೆ ಅದು ಗಂಟೆಯಂತೆ ಮಿಡಿದು ಅಡಗುತ್ತದೆಂದು 1970ರಲ್ಲೇ ಲೆಕ್ಕಹಾಕಿ ತೋರಿಸಿದವರು ನಮ್ಮ ಬೆಂಗಳೂರಿನ ಸಿ.ವಿ. ವಿಶ್ವೇಶ್ವರ. (ಈ ಹೆಮ್ಮೆಯನ್ನು ವಾಚಕರು ಮನ್ನಿಸಬೇಕು.)

ನಮ್ಮ ಆಕಾಶಗಂಗೆಯ ನಡುವೆ ಸುಮಾರು 40 ಲಕ್ಷ ಸೂರ್ಯರಷ್ಟು ತೂಕದ ಕೃಷ್ಣವಿವರವಿದೆ. ಎಂ87 ಎಂಬ ಗೆಲಾಕ್ಸಿಯದು ಸುಮಾರು 650 ಕೋಟಿ ಸೂರ್ಯರಷ್ಟು. 2019ರಲ್ಲಿ ಅದರ ಚಿತ್ರವೂ ಬಂತು. ಇಷ್ಟಾದರೂ ಇಡೀ ಗೆಲಾಕ್ಸಿಯ ತೂಕದ ಮುಂದೆ ಅದು ಅಲ್ಪ. ಆದರೆ ಅದರೊಳಗೆ ಬೀಳಹೊರಟ ಅನಿಲ ಸುತ್ತುತ್ತ ಕಾದು, ಅಪಾರ ಬೆಳಕನ್ನೂ ಬಿರುಗಾಳಿಯನ್ನೂ ಹೊರಕ್ಕೆ ಎಸೆಯುತ್ತದೆ. ಅನಿಲ ತಣ್ಣಗಾಗಿ ಕುಗ್ಗಿದರಷ್ಟೇ ನಕ್ಷತ್ರ ಹುಟ್ಟುವುದು. ಈ ಕಾವಿಗೆ ಅದು ತಣಿಯದೆ ಚದುರಿ, ದೊಡ್ಡ ಗೆಲಾಕ್ಸಿಗಳಲ್ಲಿ ಹೊಸ ನಕ್ಷತ್ರಗಳ ಹುಟ್ಟು ಕುಂಠಿತವಾಗುತ್ತದೆ. ತನ್ನ ಆಹಾರವನ್ನೂ ಕೃಷ್ಣವಿವರ ತಾನೇ ದೂರ ತಳ್ಳಿಕೊಳ್ಳುತ್ತದೆ.

ಗೋದಾವರಿ ಸೇತುವೆಯ ಮೇಲೆ ಈ ಮಾತಿಗೆ ಬಂದು ಪುಸ್ತಕ ಮಡಚಿದೆ.

ಕೃಷ್ಣವಿವರವನ್ನು ಕೆಟ್ಟದ್ದೆನ್ನಲು ಬಾರದು. ಅದಕ್ಕೆ ಉದ್ದೇಶವಿಲ್ಲ, ಆಯ್ಕೆಯೂ ಇಲ್ಲ. ಈ ತಡೆ ಇಲ್ಲದಿದ್ದರೆ ದೊಡ್ಡ ಗೆಲಾಕ್ಸಿಗಳು ಮಿತಿಮೀರಿ ಬೆಳೆಯುತ್ತಿದ್ದವೆಂದೂ ಲೆಕ್ಕ ಹೇಳುತ್ತದೆ. ಹಿರಿಯರ ಅಂಕೆಗೂ ನಾವು ಕೊಡುವ ಸಮರ್ಥನೆ ಇದೇ ತಾನೆ? "ನಿನ್ನ ಒಳ್ಳೆಯದಕ್ಕೇ" ಎಂದು ನನ್ನ ತಂದೆ ಹೇಳುತ್ತಿದ್ದರು, ಈಗ ನಾನೂ ಹೇಳುತ್ತೇನೆ. ಆದರೆ ನನಗೆ ಆಯ್ಕೆಯಿದೆ. ಅವಳ ಒಳ್ಳೆಯದು ಯಾವುದೆಂದು ನಾನೊಬ್ಬನೇ ತೀರ್ಮಾನಿಸುವುದು ನ್ಯಾಯವೇ? ಪರಊರಿನಲ್ಲಿ ನೆಲೆನಿಂತ ನಮ್ಮಂಥವರ ಮನೆಗಳಲ್ಲಿ ಅಜ್ಜಿಯಿಲ್ಲ, ಸೋದರಮಾವನಿಲ್ಲ. ಮಕ್ಕಳ ಮೇಲೆ ಬೀಳುವ ಭಾರವೆಲ್ಲ ತಂದೆತಾಯಿಗಳದೇ.

ಹಾಗೆಂದು ಸುಮ್ಮನೆ ಕೈಬಿಡಲಾದೀತೆ? ಹೆನೈಸ್ 2-10 ಎಂಬ ಪುಟ್ಟ ಗೆಲಾಕ್ಸಿಯಲ್ಲಿ ಕೃಷ್ಣವಿವರದ ಹರಿವು ಅನಿಲವನ್ನು ಚದುರಿಸದೆ ಒತ್ತಿ, ನಕ್ಷತ್ರಗಳನ್ನು ಹುಟ್ಟಿಸುತ್ತಿದೆಯೆಂದು 2022ರಲ್ಲಿ ಹಬಲ್ ದೂರದರ್ಶಕದ ನೆರವಿನಿಂದ ತಿಳಿಯಿತು. ಅಲ್ಲಿ ಹರಿವಿನ ವೇಗ ಕಡಿಮೆ.

ವಿಜಯವಾಡ ತಲುಪಿದಾಗ ಕತ್ತಲಾಗಿತ್ತು. ಮಗಳು ನಿಲ್ದಾಣಕ್ಕೆ ಬಂದಿದ್ದಳು. "ಯಾಕಪ್ಪಾ, ಇದ್ದಕ್ಕಿದ್ದ ಹಾಗೆ?" ಎಂದಳು. ಜಗಳಕ್ಕೆಂದು ಕಟ್ಟಿಕೊಂಡು ಬಂದಿದ್ದ ಮಾತು ಒಂದೂ ಹೊರಡಲಿಲ್ಲ. ಅವಳಮ್ಮ ಕೊಟ್ಟ ಚಟ್ನಿಪುಡಿಯ ಡಬ್ಬಿ ಕೊಟ್ಟೆ. ಈಗ ಭಾನುವಾರ ಮಾತ್ರ ಫೋನು. ಬುಧವಾರದ ಹೊತ್ತಿಗೇ ಕೈ ತಾನಾಗಿ ಅದರತ್ತ ಹೋಗುತ್ತದೆ.