ಒಂದೇ ತಂದೆಯ ಮಕ್ಕಳು: ಕುರ್‌ಆನ್ ಮತ್ತು ಸುವಾರ್ತೆಗಳ ನಂಟು

ಪ್ರವಾದಿಗಳೆಲ್ಲರೂ ಒಬ್ಬನೇ ತಂದೆಗೆ ಬೇರೆ ಬೇರೆ ತಾಯಂದಿರಲ್ಲಿ ಹುಟ್ಟಿದ ಸಹೋದರರಿದ್ದಂತೆ, ಅವರೆಲ್ಲರ ಧರ್ಮವೂ ಒಂದೇ ಎಂಬ ಅರ್ಥದ ಮಾತೊಂದು ಇಸ್ಲಾಮೀ ಪರಂಪರೆಯಲ್ಲಿ ಪ್ರವಾದಿ ಮುಹಮ್ಮದರ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಅಬೂ ಹುರೈರಾ ಅವರು ವರದಿ ಮಾಡಿದ ಈ ಮಾತನ್ನು ಇಮಾಮ್ ಬುಖಾರಿಯವರು ಒಂಬತ್ತನೆಯ ಶತಮಾನದಲ್ಲಿ ತಮ್ಮ ಹದೀಸ್ ಸಂಗ್ರಹದಲ್ಲಿ, ಅಂದರೆ ಪ್ರವಾದಿಯ ನಡೆನುಡಿಗಳ ಸಂಕಲನದಲ್ಲಿ, ದಾಖಲಿಸಿದ್ದಾರೆ. ಮರ್ಯಮರ ಮಗನಾದ ಈಸಾರಿಗೆ, ಎಂದರೆ ಕ್ರೈಸ್ತರು ಯೇಸು ಎಂದು ಆರಾಧಿಸುವವರಿಗೆ, ಎಲ್ಲರಿಗಿಂತ ಹತ್ತಿರದವರು ತಾವೇ ಎಂದು ಪ್ರವಾದಿ ಹೇಳಿದ ಬೆನ್ನಿಗೇ ಈ ಹೋಲಿಕೆ ಬರುತ್ತದೆ. ಕುರ್‌ಆನಿಗೂ ಸುವಾರ್ತೆಗಳಿಗೂ ಇರುವ ಸಂಬಂಧವನ್ನು ಮುಸ್ಲಿಮರು ಹೇಗೆ ಕಂಡರು ಎಂಬುದಕ್ಕೆ ಈ ಮಾತು ಸಾಕ್ಷಿಯಾಗಿದೆ; ಆ ಸಂಬಂಧ ಎಲ್ಲಿಯವರೆಗೆ ಸಾಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಇದೇ ಮಾತು ತಿಳಿಸುತ್ತದೆ.

ಹದಿನೈದನೆಯ ಶತಮಾನದಲ್ಲಿ ಕೈರೋ ನಗರದಲ್ಲಿ ಬುಖಾರಿಯ ಸಂಗ್ರಹಕ್ಕೆ ಬೃಹತ್ ವ್ಯಾಖ್ಯಾನ ಬರೆದ ಇಬ್ನ್ ಹಜರ್ ಅಲ್ ಅಸ್ಕಲಾನಿಯವರ ಪ್ರಕಾರ ಪ್ರವಾದಿಗಳ ಧರ್ಮದ ಮೂಲ ಒಂದೇ ಆಗಿದ್ದು ಅದು ತೌಹೀದ್, ಅಂದರೆ ದೇವರ ಏಕತ್ವ. ಬೇರೆಯಾಗುವುದು ಅದರ ಶಾಖೆಗಳು, ಅಂದರೆ ಶರೀಅತ್ ಎನಿಸುವ ಆಚಾರ ಮತ್ತು ಕಟ್ಟಳೆಗಳು. ಕುರ್‌ಆನಿನ ಐದನೆಯ ಅಧ್ಯಾಯವಾದ ಅಲ್ ಮಾಇದಾ ಕೂಡ ಯಹೂದಿಗಳ ಗ್ರಂಥವಾದ ತೌರಾತ್, ಈಸಾರ ಇಂಜೀಲ್ ಮತ್ತು ಕುರ್‌ಆನ್‌ಗಳನ್ನು ಒಂದರ ಬಳಿಕ ಒಂದಾಗಿ ಹೆಸರಿಸಿ, ಪ್ರತಿಯೊಂದೂ ತನ್ನ ಹಿಂದಿನದನ್ನು ದೃಢಪಡಿಸುತ್ತದೆಂದೂ, ಒಂದೊಂದು ಸಮುದಾಯಕ್ಕೂ ಅದರದೇ ಆದ ನಿಯಮ ಮತ್ತು ಮಾರ್ಗವನ್ನು ದೇವರು ಕೊಟ್ಟಿದ್ದಾನೆಂದೂ ಹೇಳುತ್ತದೆ. ಆದರೆ ಈ ಹೋಲಿಕೆಯಲ್ಲಿ ಬರುವ ತಂದೆ ದೇವರಲ್ಲ, ಪ್ರವಾದಿಗಳು ಹಂಚಿಕೊಂಡ ಧರ್ಮ ಎಂಬುದನ್ನು ಮರೆಯಬಾರದು. ಕ್ರೈಸ್ತರಿಗೆ ತಂದೆ ಎಂಬುದು ದೇವರ ಹೆಸರೇ ಆಗಿದ್ದು ಯೇಸು ಆತನ ಮಗನಾದರೆ, ಮುಸ್ಲಿಮರಿಗೆ ಈಸಾ ಇತರ ಪ್ರವಾದಿಗಳ ಸಾಲಿನಲ್ಲಿ ನಿಲ್ಲುವ ಸಹೋದರ.

ಬಾಂಧವ್ಯ ಎಷ್ಟು ಆಪ್ತವಾದುದೆಂಬುದನ್ನು ಲೂಕನ ಸುವಾರ್ತೆಯ ಮೊದಲ ಅಧ್ಯಾಯವನ್ನೂ ಕುರ್‌ಆನಿನ ಹತ್ತೊಂಬತ್ತನೆಯ ಅಧ್ಯಾಯವಾದ ಮರ್ಯಮ್ ಅನ್ನೂ ಜೊತೆಗಿಟ್ಟು ಓದಿದರೆ ಕಾಣಬಹುದು. ಎರಡೂ ಕಡೆ ಕಥನ ತೊಡಗುವುದು ಮಕ್ಕಳಿಲ್ಲದ ವೃದ್ಧ ಜಕರೀಯನಿಂದ. ಎರಡರಲ್ಲೂ ಅವನಿಗೆ ಮಗನೊಬ್ಬ ಹುಟ್ಟುವನೆಂಬ ವಾರ್ತೆ ಬರುತ್ತದೆ, ಎರಡರಲ್ಲೂ ಅವನ ಮಾತು ನಿಲ್ಲುತ್ತದೆ, ಎರಡರಲ್ಲೂ ಅವನು ಪ್ರಾರ್ಥನಾಸ್ಥಳದಿಂದ ಹೊರಬಂದು ಜನರೊಡನೆ ಸನ್ನೆಯಲ್ಲಿ ವ್ಯವಹರಿಸುತ್ತಾನೆ. ಆದರೆ ಲೂಕನಲ್ಲಿ ದೇವದೂತ ಗಬ್ರಿಯೇಲನ ಮಾತನ್ನು ನಂಬದ ಕಾರಣಕ್ಕೆ ಜಕರೀಯ ಮೂಕನಾಗುತ್ತಾನೆ, ಮಗು ಹುಟ್ಟಿ ಅದಕ್ಕೆ ಯೋಹಾನನೆಂದು ಹೆಸರಿಡುವವರೆಗೂ ಅವನಿಗೆ ಮಾತು ಮರಳುವುದಿಲ್ಲ. ಕುರ್‌ಆನಿನಲ್ಲಿ ಅದೇ ಮೌನ ಮೂರು ರಾತ್ರಿಗಳ ಅವಧಿಯದಾಗಿದ್ದು, ಗುಟ್ಟಾಗಿ ಪ್ರಾರ್ಥಿಸಿದವನು ತಾನೇ ಬೇಡಿ ಪಡೆದ ಕುರುಹಾಗಿದೆ. ಒಂದೇ ಪ್ರಸಂಗ ಒಂದು ಗ್ರಂಥದಲ್ಲಿ ಅಪನಂಬಿಕೆಗೆ ಎಚ್ಚರಿಕೆಯಾಗಿ, ಇನ್ನೊಂದರಲ್ಲಿ ಪ್ರಾರ್ಥನೆಗೆ ದೊರೆತ ಉತ್ತರವಾಗಿ ಅರ್ಥ ಪಡೆಯುವುದು ಹೀಗೆ.

ಅಲ್ಲಿಂದ ಮುಂದೆ ಎರಡು ಕಥನಗಳೂ ಯೇಸುವಿನ ತಾಯಿ ಮರಿಯಳ, ಅಂದರೆ ಮರ್ಯಮಳ, ಬಳಿಗೆ ಬರುತ್ತವೆ, ಪುರುಷಸ್ಪರ್ಶವಿಲ್ಲದ ತನಗೆ ಮಗು ಹುಟ್ಟುವುದು ಹೇಗೆ ಎಂಬ ಅವಳ ಪ್ರಶ್ನೆಯನ್ನು ಎರಡೂ ಉಳಿಸಿಕೊಳ್ಳುತ್ತವೆ. ಹೆರಿಗೆಯ ಹೊತ್ತಿಗೆ ದಾರಿಗಳು ಬೇರೆಯಾಗುತ್ತವೆ. ಲೂಕನಲ್ಲಿ ಬೆತ್ಲೆಹೇಮಿನ ಛತ್ರದಲ್ಲಿ ಸ್ಥಳ ಸಿಗದೆ ಶಿಶುವನ್ನು ಗೋದಲಿಯಲ್ಲಿ ಮಲಗಿಸಲಾಗುತ್ತದೆ, ಪಕ್ಕದಲ್ಲಿ ಅವಳಿಗೆ ನಿಶ್ಚಿತನಾದ ಯೋಸೇಫನಿದ್ದಾನೆ, ಕುರುಬರು ನೋಡಲು ಬರುತ್ತಾರೆ. ಕುರ್‌ಆನಿನ ಮರ್ಯಮ್ ಒಬ್ಬಂಟಿಯಾಗಿ ಖರ್ಜೂರದ ಮರದ ಬುಡಕ್ಕೆ ಒರಗಿ, ಇದಕ್ಕಿಂತ ಮೊದಲೇ ಸಾಯಬಾರದಿತ್ತೇ ಎಂದು ಕೊರಗುವಾಗ, ಕೆಳಗೆ ತೊರೆ ಹರಿಯುತ್ತಿದೆ, ಕಾಂಡವನ್ನು ಅಲುಗಿಸಿದರೆ ಹಣ್ಣುಗಳು ಉದುರುತ್ತವೆ ಎಂಬ ಧ್ವನಿ ಅವಳನ್ನು ಸಂತೈಸುತ್ತದೆ. ಕುರ್‌ಆನ್ ಹೆಸರು ಹಿಡಿದು ಕರೆಯುವ ಏಕೈಕ ಸ್ತ್ರೀ ಇವಳೇ. ಪ್ರವಾದಿಯ ಜೀವನಚರಿತ್ರೆಗಳ ಪ್ರಕಾರ ಮಕ್ಕಾದ ಹಿಂಸೆಯಿಂದ ಅಬಿಸೀನಿಯಾಕ್ಕೆ ವಲಸೆ ಹೋದ ಆದಿ ಮುಸ್ಲಿಮರ ಪರವಾಗಿ ಜಾಫರ್ ಇಬ್ನ್ ಅಬೀ ತಾಲಿಬ್ ಅಲ್ಲಿನ ಕ್ರೈಸ್ತ ರಾಜನ ಮುಂದೆ ಓದಿದ್ದು ಈ ಅಧ್ಯಾಯದ ಆರಂಭವನ್ನೇ. ಅದನ್ನು ಕೇಳಿ ಕಣ್ಣೀರಿಟ್ಟ ರಾಜ ಅವರನ್ನು ಶತ್ರುಗಳಿಗೆ ಒಪ್ಪಿಸಲಿಲ್ಲ.

ಇಷ್ಟು ಸಾಮ್ಯವಿದ್ದರೂ ಈ ಗ್ರಂಥಗಳನ್ನು ಒಂದೇ ಬಗೆಯವೆಂದು ಎಣಿಸುವುದು ತಪ್ಪು. ಕುರ್‌ಆನ್ ಹೇಳುವ ಇಂಜೀಲ್ ಈಸಾರಿಗೆ ದೇವರು ದಯಪಾಲಿಸಿದ ಗ್ರಂಥ. ಕ್ರೈಸ್ತರ ಬಳಿ ಇರುವುದು ಯೇಸುವಿನ ಕುರಿತು ಮತ್ತಾಯ, ಮಾರ್ಕ, ಲೂಕ, ಯೋಹಾನರ ಹೆಸರಿನಲ್ಲಿ ಗ್ರೀಕ್ ಭಾಷೆಯಲ್ಲಿ ರಚಿತವಾದ ನಾಲ್ಕು ಸುವಾರ್ತೆಗಳು ಮತ್ತು ಅವುಗಳೂ ಸೇರಿ 27 ಪುಸ್ತಕಗಳಿರುವ ಹೊಸ ಒಡಂಬಡಿಕೆ. ತಾನು ಎಲ್ಲವನ್ನೂ ವಿಚಾರಿಸಿ ಕ್ರಮವಾಗಿ ಬರೆಯುತ್ತಿರುವುದಾಗಿ ಲೂಕನೇ ಆರಂಭದಲ್ಲಿ ತಿಳಿಸುತ್ತಾನೆ. ದೈವಪ್ರೇರಣೆ ಮನುಷ್ಯನ ಬರವಣಿಗೆಯ ಮೂಲಕ ಕೆಲಸ ಮಾಡುತ್ತದೆಂಬ ಕ್ರೈಸ್ತ ನಂಬಿಕೆಗೆ ಇದರಿಂದ ಯಾವ ಕುಂದೂ ಇಲ್ಲ. ಮುಸ್ಲಿಮರಿಗಾದರೋ ಕುರ್‌ಆನಿನ ಪದಪದವೂ ದೇವರ ಮಾತು, ಪ್ರವಾದಿ ಅದನ್ನು ಸ್ವೀಕರಿಸಿ ತಲುಪಿಸಿದವರು. ಆದ್ದರಿಂದ ಇಸ್ಲಾಮಿನಲ್ಲಿ ಕುರ್‌ಆನಿಗೆ ಇರುವ ಸ್ಥಾನ ಕ್ರೈಸ್ತ ಧರ್ಮದಲ್ಲಿ ಇರುವುದು ಬೈಬಲಿಗಲ್ಲ, ದೇವರ ವಾಕ್ಯವೇ ಮನುಷ್ಯನಾಗಿ ಬಂದನೆಂದು ನಂಬಲಾದ ಕ್ರಿಸ್ತನಿಗೆ. ಶಿಲುಬೆಯ ಮರಣ ಮತ್ತು ತ್ರಿಯೇಕತ್ವ, ಅಂದರೆ ತಂದೆ, ಮಗ, ಪವಿತ್ರಾತ್ಮ ಸೇರಿ ಒಬ್ಬನೇ ದೇವರೆಂಬ ನಂಬಿಕೆ, ಕ್ರೈಸ್ತ ವಿಶ್ವಾಸದ ತಿರುಳಾಗಿವೆ, ಕುರ್‌ಆನ್ ಎರಡನ್ನೂ ನಿರಾಕರಿಸುತ್ತದೆ. ಯಾವ ಸೌಜನ್ಯದ ಮಾತೂ ಈ ಅಂತರವನ್ನು ಇಲ್ಲವಾಗಿಸಲಾರದು.

ಈ ಅಂತರವನ್ನು ವಿವರಿಸಲು ಹುಟ್ಟಿದ ಪರಿಕಲ್ಪನೆಯೇ ತಹ್ರೀಫ್, ಅಂದರೆ ಹಿಂದಿನ ಗ್ರಂಥಗಳು ತಿರುಚಲ್ಪಟ್ಟಿವೆ ಎಂಬ ಅಭಿಪ್ರಾಯ. ಹನ್ನೊಂದನೆಯ ಶತಮಾನದಲ್ಲಿ ಸ್ಪೇನಿನ ಇಬ್ನ್ ಹಜ್ಮ್ ಮೂಲಪಾಠವೇ ಕೆಟ್ಟಿದೆಯೆಂದು ಕಟುವಾಗಿ ವಾದಿಸಿದರು. ಪಾಠ ಉಳಿದಿದ್ದು ಕೆಟ್ಟಿರುವುದು ಅರ್ಥೈಸುವಿಕೆ ಮಾತ್ರ ಎಂದ ವಿದ್ವಾಂಸರೂ ಇದ್ದರು. 1480ರಲ್ಲಿ ತೀರಿಕೊಂಡ ಅಲ್ ಬಿಕಾಈ ತಮ್ಮ ಕುರ್‌ಆನ್ ವ್ಯಾಖ್ಯಾನದಲ್ಲಿ ಬೈಬಲನ್ನು ಧಾರಾಳವಾಗಿ ಬಳಸಿ, ವಿರೋಧ ಬಂದಾಗ ಅದನ್ನು ಸಮರ್ಥಿಸಿ ಪ್ರತ್ಯೇಕ ಗ್ರಂಥವನ್ನೇ ಬರೆದರು. ಭಾರತದಲ್ಲಿ ಸರ್ ಸೈಯದ್ ಅಹ್ಮದ್ ಖಾನ್ 1860ರ ದಶಕದಲ್ಲಿ ಬೈಬಲಿಗೆ ಮುಸ್ಲಿಂ ದೃಷ್ಟಿಯ ವ್ಯಾಖ್ಯಾನ ಬರೆಯಲು ತೊಡಗಿದರು. ಕ್ರೈಸ್ತ ಮಿಷನರಿಗಳು ಮತ್ತು ಮುಸ್ಲಿಂ ವಿದ್ವಾಂಸರ ನಡುವೆ 1854ರಲ್ಲಿ ಆಗ್ರಾದಲ್ಲಿ ತೀವ್ರ ವಾಗ್ವಾದ ನಡೆದು ಆಗಿನ್ನೂ ಒಂದು ದಶಕವೂ ಕಳೆದಿರಲಿಲ್ಲ. ಕ್ರೈಸ್ತರಲ್ಲೂ ಭೇದವನ್ನು ಒಪ್ಪಿಕೊಂಡೇ ನಂಟನ್ನು ಗೌರವಿಸಿದವರಿದ್ದರು. ಎಂಟನೆಯ ಶತಮಾನದ ಬಾಗ್ದಾದಿನಲ್ಲಿ ಕ್ರೈಸ್ತ ಸಭೆಯ ಮುಖ್ಯಸ್ಥ, ಕುಲಪಿತ ಮೊದಲನೆಯ ತಿಮೊಥಿ ಖಲೀಫ ಅಲ್ ಮಹದಿಯ ಎದುರು, ತನ್ನ ವಿಶ್ವಾಸವನ್ನು ಬಿಟ್ಟುಕೊಡದೆಯೇ, ಮುಹಮ್ಮದರು ಪ್ರವಾದಿಗಳ ಹಾದಿಯಲ್ಲಿ ನಡೆದರೆಂದು ಗೌರವದಿಂದ ನುಡಿದರು. 1965ರಲ್ಲಿ ಕ್ಯಾಥೊಲಿಕ್ ಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆಯು, ಮುಸ್ಲಿಮರು ಯೇಸುವನ್ನು ದೇವರೆಂದು ಒಪ್ಪದಿದ್ದರೂ ಪ್ರವಾದಿಯೆಂದು ಆದರಿಸುತ್ತಾರೆ, ಮರಿಯಳನ್ನು ಗೌರವಿಸುತ್ತಾರೆ ಎಂಬುದನ್ನು ಅಧಿಕೃತವಾಗಿ ದಾಖಲಿಸಿತು.

ಹೀಗೆ ಗೌರವದ ಹಾದಿ ಹಿಡಿದ ಇವರಾರೂ ಭೇದವನ್ನು ಮುಚ್ಚಿಡಲಿಲ್ಲ, ಭೇದವಿದೆಯೆಂದು ನಂಟನ್ನು ಅಲ್ಲಗಳೆಯಲೂ ಇಲ್ಲ. ಪ್ರವಾದಿಯ ಮಾತಿಗೆ ನಿಷ್ಠವಾದ ವ್ಯಾಖ್ಯಾನವೂ ಇದೇ, ಏಕೆಂದರೆ ಅದು ತಂದೆಯನ್ನು ಹೇಳಿದ ಉಸಿರಿನಲ್ಲೇ ತಾಯಂದಿರನ್ನೂ ಹೇಳುತ್ತದೆ. ಎರಡು ಗ್ರಂಥಗಳೂ ಒಂದೇ ಎನ್ನುವವರೂ, ಅವು ಪರಸ್ಪರ ಶತ್ರುಗಳು ಎನ್ನುವವರೂ ಈ ಮಾತಿನ ಅರ್ಧವನ್ನಷ್ಟೇ ಕೇಳಿಸಿಕೊಂಡವರು. ಬೈಬಲ್ ಮತ್ತು ಕುರ್‌ಆನ್ ಎರಡೂ ಇಂದು ಕನ್ನಡದಲ್ಲಿ ದೊರೆಯುತ್ತವೆ. ಯಾವುದೇ ತೀರ್ಪಿಗೆ ಮುನ್ನ ಲೂಕನ ಮೊದಲೆರಡು ಅಧ್ಯಾಯಗಳನ್ನೂ ಮರ್ಯಮ್ ಅಧ್ಯಾಯವನ್ನೂ ಓದುಗರು ಪೂರ್ತಿಯಾಗಿ, ಒಂದರ ಬಳಿಕ ಒಂದರಂತೆ ಓದಲಿ.